ಸಂಗಮೇಶ್ವರನ ಹೆಸರಿನಲ್ಲಿ ಒಂದು ಗಾಳ

ನನ್ನ ಗಂಡ ಹೇಡಿ. ಇದು ಬೈಗುಳವೆಂದು ತಿಳಿಯಬೇಡಿ, ಬರೀ ವರ್ಗೀಕರಣ. ಜತ್ತದಲ್ಲಿ ಮೂವತ್ತೊಂದು ವರ್ಷ ಕಾಲೇಜಿನ ಮಕ್ಕಳಿಗೆ ಪ್ರಾಣಿಶಾಸ್ತ್ರ ಕಲಿಸಿದವಳು ನಾನು. ಯಾವ ಪ್ರಾಣಿಯನ್ನು ಯಾವ ಬರಣಿಯಲ್ಲಿ ಇಡಬೇಕೆಂಬುದು ನನಗೆ ಗೊತ್ತು. ಶಂಕರಲಿಂಗ ಅವರಿಗೆ ಬೆನ್ನುಮೂಳೆ ಇದೆ ಎನ್ನಲು ನನ್ನ ಬಳಿ ಇರುವ ಪುರಾವೆ ಒಂದೇ: ಮಿರಜದಲ್ಲಿ ತೆಗೆಸಿದ ಎಕ್ಸ್-ರೇ.

ಹೊರಗಿನವರಿಗೆ ಅವರು ಹೆದರುವುದಿಲ್ಲ. ನೀರಾವರಿ ಖಾತೆಯಲ್ಲಿದ್ದಾಗ ಕಾಲುವೆ ನೀರಿಗಾಗಿ ಕುಡುಗೋಲು ಹಿಡಿದು ಬಂದವರನ್ನೂ ಕೂರಿಸಿ ಚಹಾ ಕುಡಿಸಿ ಕಳಿಸಿದವರು. ಅವರು ಹೆದರುವುದು ಅಕ್ಕನಿಗೆ. ಅಕ್ಕ ಎಂದರೆ ಗೌರವ್ವ, ವಯಸ್ಸು ಎಂಬತ್ತನಾಲ್ಕು, ತೂಕ ಮೂವತ್ತೆಂಟು ಕಿಲೊ. ತಾಯಿ ತೀರಿದ ಮೇಲೆ ಇವರನ್ನು ಸಾಕಿದವರು, ಈಗಲೂ ನಮ್ಮ ಮನೆಯಲ್ಲೇ ಇರುವವರು. ಲಿಂಗಪೂಜೆ ಆಗದೆ ಒಂದು ಗುಟುಕು ನೀರು ಮುಟ್ಟುವುದಿಲ್ಲ. ನಾನು ಕೃಷ್ಣೆಯ ಮೀನುಗಳ ಕರುಳಿನ ಹುಳುಗಳ ಮೇಲೆ ಡಾಕ್ಟರೇಟ್ ಮಾಡುತ್ತಿದ್ದ ನಾಲ್ಕು ವರ್ಷ, ದಿನಾ ಸಂಜೆ ಹಿತ್ತಲ ಬಾಗಿಲಿನಿಂದ ಬಚ್ಚಲಿಗೆ, ಬಚ್ಚಲಿನಿಂದ ಮನೆಯೊಳಗೆ ಎಂಬ ದಾರಿಯಲ್ಲೇ ನನ್ನನ್ನು ಬಿಟ್ಟುಕೊಂಡರು. ನನಗೇನೂ ತಕರಾರು ಇರಲಿಲ್ಲ. (ಫಾರ್ಮಾಲಿನ್ ವಾಸನೆಯನ್ನು ಅಡುಗೆಮನೆಗೆ ತರುವುದನ್ನು ನಾನೂ ಒಪ್ಪುವುದಿಲ್ಲ.)

ಆದರೆ ಹದಿನಾಲ್ಕು ವರ್ಷದ ಹಿಂದೆ ನಮ್ಮ ಅಳಿಯ ಈಶ್ವರ, ಮಿರಜದಲ್ಲಿ ಆಮ್ಲೆಟ್ ತಿಂದೆನೆಂದು ಊಟದ ಹೊತ್ತಿನಲ್ಲಿ ಬಾಯಿಬಿಟ್ಟ. ಅಕ್ಕ ತಾಟು ಸರಿಸಿದರು. ಎದ್ದು ಹೋಗಿ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹನ್ನೊಂದು ದಿನ ತಮ್ಮ ರೊಟ್ಟಿಯನ್ನು ತಾವೇ ಬಡಿದುಕೊಂಡರು. ಆಗ ಅವರಿಗೆ ಎಪ್ಪತ್ತು. ಈಗ ಇನ್ನೊಮ್ಮೆ ಮೂರು ಕಲ್ಲು ಹೂಡಿದರೆ ಅವರ ಕಥೆ ಅಲ್ಲಿಗೇ ಮುಗಿಯುತ್ತದೆ.

ಇಂಥ ಮನೆಯಲ್ಲಿ ಇದ್ದುಕೊಂಡು, ಮೊನ್ನೆ ಮಾರ್ಚಿನಲ್ಲಿ, ನಮ್ಮವರು ಬೇಸಿಗೆಗೆ ಫ್ಲೈ ಫಿಶಿಂಗ್ ಪ್ರವಾಸ ಹೋಗುವುದೆಂದು ನಿಶ್ಚಯಿಸಿದರು. ಹುಟ್ಟಿದಾಗಿನಿಂದ ಮೀನು ತಿಂದವರಲ್ಲ, ಹಿಡಿದವರಲ್ಲ. ಮೊಬೈಲಿನಲ್ಲಿ ಯಾರೋ ಮೊಣಕಾಲುದ್ದ ನೀರಿನಲ್ಲಿ ನಿಂತು ಗಾಳ ಬೀಸುವುದನ್ನು ಮೂರು ತಿಂಗಳು ನೋಡಿದ ಫಲ ಇದು.

“ಇದರಾಗ ಎರಿಹುಳ ಇಲ್ಲ, ಹಿಂಸಾ ಇಲ್ಲ,” ಎಂದು ನನಗೆ ಪಾಠ ಮಾಡಿದರು. “ನೂಲು ಸುತ್ತಿ ಮಾಡಿದ ಹುಸಿ ನೊಣ. ನೀರಿನ ಮ್ಯಾಲ ಹಗುರಕ ಇಳಸೂದು. ಖರೇ ನೊಣ ಅಂತ ತಿಳದು ಮೀನ ಬಂದು ಕಚ್ಚತದ. ಒಂದ ನಿಮಿಷ ಕೈಯಾಗ ಹಿಡದು ನೋಡೂದು, ತಿರುಗಿ ನೀರಿಗೆ ಬಿಡೂದು. ಪೂರಾ ಶಾಕಾಹಾರಿ.”

“ತುಟೀಗೆ ಕೊಂಡಿ ಚುಚ್ಚತದಲ್ರೀ?”

“ಮುಳ್ಳು ಚಪ್ಪಟಿ ಮಾಡಿದ ಕೊಂಡಿ ಅದು.”

“ಮೀನಿಗೆ ಅದನ್ನ ತಿಳಿಸಿ ಹೇಳಾವ್ರು ಯಾರು?”

ಇಷ್ಟೆಲ್ಲ ಕೇಳಿದ ನಾನು ಕೊನೆಗೆ ಒಪ್ಪಿದ್ದೇಕೆ ಎಂದು ನೀವು ಕೇಳಬಹುದು. ವೈಜ್ಞಾನಿಕ ಕಾರಣಕ್ಕೆ. ನನ್ನ ಕೈಯಿಂದ ಸಾವಿರದ ಇನ್ನೂರು ಮೀನು ಸೀಳಿದ್ದೇನೆ. ಅವುಗಳಲ್ಲಿ ಒಂದೂ ಜೀವಂತವಾಗಿರಲಿಲ್ಲ. ಬರಣಿಯೊಳಗೆ ಎಲ್ಲ ಮೀನಿಗೂ ಒಂದೇ ಬಣ್ಣ, ಹಳೆಯ ಸಾಬೂನಿನ ಬಣ್ಣ. ಕೊಂಕಣದ ಖಾಡಿಯಲ್ಲಿ, ಅಂದರೆ ಸಮುದ್ರದ ಉಪ್ಪುನೀರು ಒಳನುಗ್ಗುವ ಹೊಳೆಬಾಯಿಯಲ್ಲಿ, ಸಿಗುವ ಜಿತಾಡಾ ಎಂಬ ಮೀನಿನ ಮೈ ಬಿಸಿಲಿಗೆ ಬೆಳ್ಳಿಯಂತೆ ಹೊಳೆಯುತ್ತದೆ ಎಂದು ಮೂವತ್ತೊಂದು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಹೇಳಿದ್ದನ್ನು ಒಮ್ಮೆ ಪರೀಕ್ಷಿಸಬೇಕು ಅನ್ನಿಸಿತು. ಅಷ್ಟೇ.

ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಯೋಜನೆ ಸಿದ್ಧವಾಯಿತು. ಮೊದಲು ಸಿಹಿನೀರು: ಸಾಂಗ್ಲಿ ಹತ್ತಿರ ಹರಿಪುರ, ಕೃಷ್ಣಾ ವಾರಣಾ ಕೂಡುವ ಜಾಗ. ಆಮೇಲೆ ಉಪ್ಪುನೀರು: ಘಟ್ಟ ಇಳಿದು ದೇವಗಡದ ಕಡೆಯ ಖಾಡಿ. ಮೇ ಇಪ್ಪತ್ತರೊಳಗೆ ಮುಗಿಯಬೇಕು, ಆಮೇಲೆ ಸಮುದ್ರ ಕೆಡುತ್ತದೆ ಎಂದು ಷರಾ ಬರೆದವಳು ನಾನು. ಜೀಪು ತಾನಾಜಿಯದು. ಡಫಳಾಪುರದವರು, ನಮ್ಮವರ ಆಫೀಸಿನಲ್ಲಿ ಡ್ರೈವರ್ ಆಗಿದ್ದವರು, ಬಲೆ ಹಾಕಿ ಕೆರೆ ಬಳಿದು ಬೆಳೆದವರು. ಯೋಜನೆಯನ್ನು ಪೂರ್ತಿ ಕೇಳಿ, ಕ್ಯಾಲೆಂಡರನ್ನು ತಿರುಗಿಸಿ ಮುಂದಿನ ಭಾಗವನ್ನೂ ನೋಡಿ, ತುಂಬ ಮರ್ಯಾದೆಯಿಂದ ಹೇಳಿದರು:

“ಸಾಹೇಬ್ರ, ಮೀನ ನೋಡೂದಿದ್ರ ಸಂತಿಗೆ ಬರ್ರಿ. ಕುಂತಲ್ಲೇ ಹತ್ತ ನಮೂನಿ ತೋರಸ್ತೀನಿ.”

“ಅವು ಸತ್ತಿರತಾವ, ತಾನಾಜಿ.”

“ನೀವರ ಅವನ್ನ ಜೀವಂತ ತಗೊಂಡು ಏನ್ ಮಾತಾಡಾವ್ರದೀರಿ?”

ಗಾಳದ ಕೋಲು ಕೊರಿಯರಿನಲ್ಲಿ ಬಂತು. ನಾಲ್ಕು ತುಂಡು, ಜೊತೆಗೆ ಉದ್ದನೆಯ ಒಂದು ಕೊಳವೆ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಬಾಯಿ ತೆರೆದ ಮೀನಿನ ಚಿತ್ರ. ಅದನ್ನು ನೋಡಿದ ಕೂಡಲೇ ನಮ್ಮವರ ಮುಖ ಬಿಳಿಚಿತು. ದರ್ಜಿಯ ಹತ್ತಿರ ಓಡಿ, ಅವನ ಬಳಿ ಉಳಿದಿದ್ದ ಕಾವಿ ಬಟ್ಟೆಯಲ್ಲಿ ಒಂದು ಗವಸು ಹೊಲಿಸಿ ತಂದು ಮೀನನ್ನು ಮುಚ್ಚಿದರು.

ಹುಸಿ ನೊಣಕ್ಕೆ ಗರಿ ಬೇಕು. ಕೋಳಿ ಗರಿ ನಮ್ಮ ಹೊಸ್ತಿಲು ದಾಟುವಂತಿಲ್ಲ. ಆದ್ದರಿಂದ ನಮ್ಮವರು ಹಳೆಯ ಕಂಬಳಿಯ ಎಳೆ, ನನ್ನ ಇಳಕಲ್ ಸೀರೆಯ ಸೆರಗಿನ ದಾರ ಮತ್ತು ಅಕ್ಕ ಪೂಜೆಗೆಂದು ಹೊಸೆದಿಟ್ಟ ಹೂಬತ್ತಿಯಿಂದ ನೊಣ ಕಟ್ಟಿದರು. ಜಗತ್ತಿನಲ್ಲಿ ಎಣ್ಣೆಯಲ್ಲಿ ಅದ್ದಿ ಹಚ್ಚಬಹುದಾದ ನೊಣ ಇವರದೊಂದೇ ಇರಬೇಕು.

“ಬತ್ತಿ ಎಲ್ಲಿ ಹೊಂಟಾವ?” ಎಂದು ಅಕ್ಕ ಕೇಳಿದಾಗಲೆಲ್ಲ ನಮ್ಮವರು ಇಲಿಯನ್ನು ದೂರುತ್ತಿದ್ದರು.

ಅಭ್ಯಾಸ ಮಾಡಿದ್ದು ಮಾಳಿಗೆಯ ಮೇಲೆ, ಓಣಿಯೆಲ್ಲ ಮಲಗಿರುವ ಮಧ್ಯಾಹ್ನದ ಹೊತ್ತಿನಲ್ಲಿ. ಬೇಸಿಗೆಯಾದ್ದರಿಂದ ಅಲ್ಲಿ ಅರ್ಧ ಓಣಿಯ ಸಂಡಿಗೆ ಒಣಗುತ್ತಿತ್ತು. ಕೋಲನ್ನು ಹಿಂದಕ್ಕೆ ಬೀಸಿ, ಒಂದು ಕ್ಷಣ ತಡೆದು, ಮುಂದಕ್ಕೆ ಬೀಸಬೇಕಂತೆ. ನಮ್ಮವರು ತಡೆಯುವುದನ್ನು ಮರೆಯುತ್ತಿದ್ದರು. ಮೊದಲ ವಾರದಲ್ಲಿ ಅವರು ಹಿಡಿದದ್ದು ಹದಿನೇಳು ಸಂಡಿಗೆ, ಪಕ್ಕದ ಮನೆಯ ರುಕ್ಮವ್ವ ಒಣಗಹಾಕಿದ್ದ ಒಂದು ರವಿಕೆ, ಬೇವಿನ ಮರ ಮೂರು ಸಲ. ಎರಡನೆಯ ವಾರ ನನ್ನ ಕನ್ನಡಕ. ಹಿಡಿದ ಎಲ್ಲವನ್ನೂ ನಿಯಮದ ಪ್ರಕಾರ ಬಿಟ್ಟುಬಿಟ್ಟರು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಉಳಿದದ್ದು ಒಂದೇ ಕೆಲಸ: ಅಕ್ಕನಿಗೆ ಹೇಳುವುದು.

“ಹರಿಪುರದಾಗ ಸಂಗಮೇಶ್ವರ ಇದ್ದಾನ,” ಎಂದರು ನಮ್ಮವರು, ಗೋಡೆ ನೋಡುತ್ತ. “ದೇವಗಡದ ಕಡೆ ದಂಡಿಮ್ಯಾಲ ಕುಣಕೇಶ್ವರ ಇದ್ದಾನ. ಸಿಹಿನೀರಿಗೊಬ್ಬ ಶಿವ, ಉಪ್ಪನೀರಿಗೊಬ್ಬ ಶಿವ. ಯಾತ್ರಾ ಅಂತ ಹೇಳಿದ್ರ ಸುಳ್ಳೇನಲ್ಲ.”

“ಸುಳ್ಳು. ನಲವತ್ತಾರು ವರ್ಷ ಆತು, ಅಕ್ಕಾರ ಮುಂದ ಒಂದ ಖರೇ ಮಾತು ಆಡೀರೇನು?”

“ಹಂಗಾದ್ರ ನೀ ಹೇಳು.”

“ನಾ ಹೇಳಿದ್ರ ಖರೇನ ಹೇಳಾಕಿ. ನನಗ ಸುಳ್ಳು ಬರಾಂಗಿಲ್ಲ.”

ಇದು ಜಂಬವಲ್ಲ. ಕಾಪಿ ಮಾಡಿದವರನ್ನು ಪರೀಕ್ಷೆಯ ಕೋಣೆಯಿಂದ ಹೊರಗೆ ಹಾಕುವಾಗ, ಸುಳ್ಳು ಎಂಬುದು ಬುದ್ಧಿಯ ಸೋಮಾರಿತನ ಎಂದು ಹೇಳಿ ಕಳಿಸಿದವಳು ನಾನು. ಕೊನೆಗೆ ನಮ್ಮವರೇ ಅಕ್ಕನಿಗೆ ಯಾತ್ರೆ ಎಂದು ಹೇಳಿದರು, ಕೊತ್ತಂಬರಿ ಸೋಸುತ್ತ, ತಲೆ ಎತ್ತದೆ. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಮಿಕ್ಸರ್ ಹಚ್ಚಿದ್ದೆ. ಒಳಗೆ ಏನೂ ಇರಲಿಲ್ಲ, ಬರೀ ಹಚ್ಚಿದ್ದೆ.

ನಮ್ಮ ಕಡೆ ಯಾತ್ರೆಗೆ ಹೊರಟವರ ಕೈಯಲ್ಲಿ ಓಣಿಯವರು ತಮ್ಮ ಹೆಸರಿನದೊಂದು ತೆಂಗಿನಕಾಯಿ ಕೊಟ್ಟು, ಕಾಲು ಮುಟ್ಟಿ ಹೋಗುವ ಪದ್ಧತಿ. ನಮ್ಮವರು ಇದನ್ನು ಲೆಕ್ಕಕ್ಕೆ ತಂದುಕೊಂಡಿರಲಿಲ್ಲ, ನಾನೂ ತಂದುಕೊಂಡಿರಲಿಲ್ಲ. ಬಸವ ಜಯಂತಿ ಕಳೆದ ಮೇಲಿನ ಸೋಮವಾರ ಹೊರಡುವುದೆಂದು ಗೊತ್ತಾಗಿತ್ತು. ಭಾನುವಾರ ಸಂಜೆಗೆ ಪಡಸಾಲೆಯಲ್ಲಿ ಇಪ್ಪತ್ತಮೂರು ಕಾಯಿ ಕೂಡಿದವು. ತಿಕೋಂಡಿಯಿಂದ ದುಂಡಪ್ಪ ಎಂಬ ದೂರದ ಸಂಬಂಧಿ ಕಾಯಿಯ ಜೊತೆ ತನ್ನ ಮಂಡಿನೋವಿನ ವಿವರವನ್ನೂ ಒಂದು ಚೀಟಿಯಲ್ಲಿ ಬರೆದು ಕಳಿಸಿದ್ದ, ದೇವರಿಗೆ ಓದಿ ಹೇಳಬೇಕೆಂದು. ಅಕ್ಕ ತಮ್ಮ ತಾಮ್ರದ ತಂಬಿಗೆಯನ್ನು ಹುಣಸೆಹುಳಿ ಹಚ್ಚಿ ಬೆಳಗಿ ತಂದಿಟ್ಟರು.

“ಸಂಗಮದ ನೀರು ತುಂಬಕೊಂಡು ಬರ್ರಿ. ನನಗ ಇನ್ನ ಹೋಗೂದು ಆಗಾಂಗಿಲ್ಲ. ಲಿಂಗಕ್ಕ ಆ ನೀರಿಲೆ ಒಮ್ಮಿ ಎರೀತೀನಿ.”

ನಮ್ಮವರು ಅಂದು ಊಟಕ್ಕೆ ಅರ್ಧ ರೊಟ್ಟಿ ಬಿಟ್ಟರು. ಹೇಡಿಗಳಿಗೆ ಹಸಿವು ಬೇಗ ಹೋಗುತ್ತದೆ ಎಂದುಕೊಂಡು ನಾನು ನನ್ನ ಪಾಲಿನದನ್ನು ಮುಗಿಸಿದೆ.

ಸೋಮವಾರ ಬೆಳಿಗ್ಗೆ ತಾನಾಜಿ ಕಾಯಿಯ ಚೀಲವನ್ನು ಜೀಪಿಗೆ ಏರಿಸುತ್ತಿದ್ದರು. ನಮ್ಮವರು ಒಳಗೆ ಚಪ್ಪಲಿ ಹುಡುಕುತ್ತಿದ್ದರು. ಕಾವಿ ಗವಸಿನ ಕೊಳವೆ ಕಟ್ಟೆಗೆ ಒರಗಿ ನಿಂತಿತ್ತು. ಕಳಿಸಲು ಬಂದ ಹತ್ತು ಹನ್ನೆರಡು ಹೆಂಗಸರ ಮುಂದೆ ರುಕ್ಮವ್ವ ಕೇಳಿದಳು:

“ಬಾಯಾರ, ಇದೇನ್ರಿ ಇಷ್ಟ ಉದ್ದಂದು?”

ಎಲ್ಲರೂ ನನ್ನ ಮುಖ ನೋಡಿದರು. ಬಾಗಿಲಲ್ಲಿ ಅಕ್ಕ ನಿಂತಿದ್ದರು. ನನ್ನ ಕಣ್ಣ ಮುಂದೆ ಹಿತ್ತಲ ಮೂರು ಕಲ್ಲು ಬಂದವು. ಅದರ ಹಿಂದೆಯೇ, ಒಪ್ಪಿಕೊಳ್ಳುತ್ತೇನೆ, ಬಿಸಿಲಿಗೆ ಹೊಳೆಯುವ ಜಿತಾಡಾ ಕೂಡ ಬಂತು.

“ಧ್ವಜದ ಕೋಲು,” ಎಂದೆ. “ದೇವರಿಗೆ.”

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ನಾನು ಹೊರಗೆ ಹಾಕಿದ ಹುಡುಗರೆಲ್ಲ ಒಮ್ಮೆ ಕೆಮ್ಮಿದಂತಾಯಿತು. ಆದರೆ ಧ್ವಜ ಎಂದ ಮೇಲೆ ನಮ್ಮ ಓಣಿಯ ಹೆಂಗಸರು ಸುಮ್ಮನೆ ನಿಲ್ಲುವವರಲ್ಲ. ಒಬ್ಬಳು ಕೋಲಿಗೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ಒಬ್ಬಳು ಕಣಗಿಲ ಹೂವಿನ ಹಾರ ತಂದು ಹಾಕಿದಳು. ರುಕ್ಮವ್ವ ಊದುಬತ್ತಿ ಹಚ್ಚಿದಳು. ತಾನಾಜಿ ಜೀಪಿನ ಚಕ್ರವನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು, ಭುಜ ಮಾತ್ರ ಕುಣಿಯುತ್ತಿತ್ತು.

ಆಗ ಅಕ್ಕ ಮೆಟ್ಟಿಲಿಳಿದು ಬಂದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗೋಡೆಗೆ ಒಂದು ಕೈ ಕೊಟ್ಟು, ಕೋಲಿನ ಮುಂದೆ ಹಣೆ ಹಚ್ಚಲು ಬಗ್ಗಿದರು. ನಾನು ನೋಡುತ್ತ ನಿಂತೆ.

“ಅಕ್ಕಾ, ತಡಿ.”

ನಮ್ಮವರು ಹೊರಗೆ ಬಂದಿದ್ದರು, ಒಂದೇ ಕಾಲಿಗೆ ಚಪ್ಪಲಿ. ಅಕ್ಕನ ರಟ್ಟೆ ಹಿಡಿದು ಮೇಲಕ್ಕೆತ್ತಿದರು.

“ಅದಕ್ಕ ಕೈ ಮುಗೀಬ್ಯಾಡ. ಅದು ಧ್ವಜ ಅಲ್ಲ, ಮೀನ ಹಿಡಿಯೂ ಕೋಲು. ನಂದು. ಬತ್ತಿ ಒಯ್ದಾವನೂ ನಾನ, ಇಲಿ ಅಲ್ಲ.”

ಓಣಿಯಲ್ಲಿ ಊದುಬತ್ತಿಯ ಹೊಗೆ ಒಂದೇ ಅಲುಗಾಡುತ್ತಿತ್ತು. ಅಕ್ಕ ಸೆರಗು ಸರಿಮಾಡಿಕೊಂಡು ತಮ್ಮನ ಕಡೆ ತಿರುಗಿದರು.

“ಹಿಡದು ತಿಂತೀಯೇನು?”

“ಇಲ್ಲಕ್ಕಾ. ಬಿಟ್ಟಬಿಡತೀನಿ.”

“ಬಿಡೂದಿದ್ರ ಹಿಡಿಯೂದು ಯಾಕ?”

“ನೋಡಾಕ.”

“ಮೀನ ಮುಟ್ಟಿದ ಕೈಲೆ ಕಾಯಿ ಒಡದೀಯೇನು?”

“ಮದಲ ಕಾಯಿ, ಮದಲ ನಿನ್ನ ನೀರು. ಆಮ್ಯಾಲ ಇದು.”

ಅಕ್ಕ ಕೋಲಿನಿಂದ ಎರಡು ಹೆಜ್ಜೆ ಹಿಂದೆ ಸರಿದರು. “ತಿರುಗಿ ಬಂದಾಗ ಹಿತ್ತಲ ಬಾಗಲ,” ಎಂದರು. “ಮದಲ ಬಚ್ಚಲ. ಆಕೀಗೆ ದಾರಿ ಗೊತ್ತದ.”

ಅಷ್ಟಕ್ಕೇ ಮುಗಿಯಿತೆಂದುಕೊಂಡೆ. ಅಕ್ಕ ನನ್ನ ಕಡೆ ತಿರುಗಿದರು. ಹೆಂಗಸರೂ ತಿರುಗಿದರು.

“ಮತ್ತ ನೀ ಧ್ವಜ ಅಂದೆಲ್ಲ?”

ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದೆ. ನಮ್ಮವರು ಬಗ್ಗಿ ಕಾಯಿ ಚೀಲದ ಬಾಯಿಗೆ ಎರಡನೆಯ ಗಂಟು ಹಾಕುತ್ತಿದ್ದರು. ಮೊದಲನೆಯ ಗಂಟು ಚೆನ್ನಾಗಿಯೇ ಇತ್ತು.

“ಆಕೀಗೇನೂ ಗೊತ್ತಿಲ್ಲಕ್ಕಾ,” ಎಂದರು, ತಲೆ ಎತ್ತದೆ. “ಆಕೀಗೂ ನಾನ ಹಂಗ ಹೇಳಿದ್ದೆ.”

ಅಕ್ಕ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರ ಇತ್ತು.

“ನಾಕ ವರ್ಷ ಮೀನಿನ ಮ್ಯಾಲ ಓದಿ ಡಾಕ್ಟರ್ ಆದಾಕಿ,” ಎಂದರು. “ಮೀನ ಹಿಡಿಯೂ ಕೋಲು ಗುರ್ತಾ ಹತ್ತಲಿಲ್ಲೇನವಾ ನಿನಗ?”

ನಮ್ಮವರು ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದರು.

“ಹತ್ತಲಿಲ್ರಿ, ಅಕ್ಕಾರ,” ಎಂದೆ.