ಸಾಯೋ ಸೀನಿಗೆ ಆಂಟೆನಾ ತಿರುವಿದ್ದು

ಕೆಲವರ ಮನ್ಯಾಗ ದಿನಾ ಹಾಲು ಉಕ್ಕತೈತಿ, ಕೆಲವರ ಮನ್ಯಾಗ ಹಲ್ಲಿ ಬೀಳ್ತಾವು. ನಮ್ಮನ್ಯಾಗ ಸಿನಿಮಾ ಹಚ್ಚಿದ್ರ ಸಾಕು, ಏನಾರ ಒಂದು ಆಗಾದೇ. ಗಂಡ ಹೆಂಡ್ತಿ ಕೂಡಿ ಎಷ್ಟು ಸಿನಿಮಾ ನೋಡಿದ್ರಲ್ರಿ ಅಂತ ಓಣಿ ಮಂದಿ ಅಂತಾರ. ನೋಡಿದ್ದು ಆಕಿ. ನಾ ಮಾಳಿಗಿ ಮ್ಯಾಲಿದ್ದೆ.

ಗೇಟು

ನಾ ಹೊಸಪೇಟ್ಯಾಗ ಕಾಲುವಿ ಗೇಟು ತಿರುವಾವ. ಚಕ್ರ ಎಷ್ಟು ಸುತ್ತು ತಿರುವಿದ್ರ ಕಂಪ್ಲಿ ಕಡೀಗೆ ಎಷ್ಟು ನೀರು ಹೊಕ್ಕೈತಿ ಅಂತ ಕಣ್ಣು ಮುಚ್ಚಿ ಹೇಳ್ತೀನಿ. ಮನಿಯಾಕಿ ನಾಕು ಮೆಟ್ಲ ಹತ್ತಿದ್ರ ತೇಕಾಕ ಹತ್ತಿದ್ಲು ಅಂತ ಬಳ್ಳಾರಿಗೆ ಕರಕೊಂಡು ಹೋದೆ. ಡಾಕ್ಟ್ರು ನನ್ನ ಕೆಲಸ ಏನಂತ ಕೇಳಿ, ನನಗ ತಿಳೀಲಿ ಅಂತ, ಆಕಿ ಎದಿಯಾಗಿನ ಒಂದು ಗೇಟು ಸರಿಯಾಗಿ ಮುಚ್ಚವಲ್ದು ಅಂದ್ರು. ನನಗ ಜೀವ ಬಂದಂಗಾತು. ಗ್ರೀಸ್ ಹಚ್ಚಿ ನೋಡೀರೇನ್ರಿ ಅಂದೆ.

ಡಾಕ್ಟ್ರು ನಗಲಿಲ್ಲ. ಈಕಿ ದೇಹ ಆಪರೇಷನ್ ತಡಿಯಂಗಿಲ್ಲ, ಗುಳಿಗಿ ಬಿಡಬ್ಯಾಡ್ರಿ, ಅಳಾದು ಗಾಬರಿ ಆಗಾದು ಮಾತ್ರ ಆಗಬಾರ್ದು ಅಂದ್ರು. ನಾ ಗುಳಿಗಿ ಚೀಟಿ ತಗೊಂಡು ಹೊರಗ ಬಂದೆ. ಬಸ್‌ಸ್ಟ್ಯಾಂಡಿನಾಗ ಕುಂತು ಮನಿಯಾಕಿ ಅಂದ್ಲು:

"ಇಪ್ಪತ್ತು ವರ್ಷ ಊರ ಗೇಟೆಲ್ಲಾ ತಿರುವೀರಿ. ಮನ್ಯಾಗಿಂದು ಲೀಕ್ ಆಗಿದ್ದು ಗೊತ್ತಾಗಿಲ್ಲ ನೋಡ್ರಿ."

ತಾಟು

ಆಕಿಗೆ ಟೀವ್ಯಾಗ ಬರೋ ಆದಿತ್ಯಾರದ ಸಿನಿಮಾ ಅಂದ್ರ ಪ್ರಾಣ. ಆದ್ರ ಆಗಿನ ಸಿನಿಮಾ ಯಾರರ ಒಬ್ರು ಸಾಯದ ಮುಗೀತಿರಲಿಲ್ಲ. ಯಾರರ ಸತ್ರ ಆಕಿ ಮೂರು ದಿನ ಅಳಾಕಿ. ಸಿನಿಮಾ ಬಿಟ್ಟುಬಿಡು ಅಂದೆ, ಒಲ್ಲೆ ಅಂದ್ಲು. ಸಾಯೋ ಹೊತ್ತಿಗೆ ಟೀವಿ ಬಂದ್ ಮಾಡು ಅಂದೆ. ಮನಿ ತುಂಬ ಓಣಿ ಮಂದಿ ಕುಂತಿರ್ತಾರ, ಅವರ ಎದುರಿಗೆ ಬಂದ್ ಮಾಡಿದ್ರ ಏನ್ ಮರ್ಯಾದಿ ಅಂದ್ಲು. ಆಂಟೆನಾ ಹೋದ್ರ ತಪ್ಪು ಗಾಳಿ ಮ್ಯಾಲೆ ಹಾಕಬೌದು.

ಅದಕ್ಕ ಸಿನಿಮಾ ಶುರುವಾತಂದ್ರ ನಾ ಮಾಳಿಗಿ ಮ್ಯಾಲೆ ಆಂಟೆನಾದ ಪೈಪು ಹಿಡಕೊಂಡು ನಿಲ್ಲಾದು. ಟೀವ್ಯಾಗ ಯಾರರ ಕೆಮ್ಮಾಕ ಹತ್ತಿದ್ರ ಕೆಳಗ ಆಕಿ ಅಡಿಗಿಮನಿಗೆ ಹೋಗಿ ಸೌಟಿಲೆ ತಾಟು ಬಡಿಯಾದು. ನಾ ತಿರುವಾದು. ಟೀವಿ ತುಂಬ ಸಾಸಿವಿ ಚೆಲ್ಲಿದಂಗ ಆಕ್ಕಿತ್ತು. ಮುನ್ನೂರು ಎಣಿಸಿ, ಸತ್ತವರಿಗೆ ಬೆಂಕಿ ಕೊಟ್ಟಿರ್ತಾರ ಅಂತ ಅಂದಾಜು ಹಿಡಿದು, ವಾಪಸ್ ತಿರುವಾದು.

ಎರಡು ವಾರಕ್ಕ ಇದು ಎಲ್ಲಾರಿಗೂ ಗೊತ್ತಾತು. ಯಾಕಂತನೂ ಗೊತ್ತಿತ್ತು, ಹಂಗಾಗಿ ಯಾರೂ ಬಾಯಿ ಬಿಡಲಿಲ್ಲ. ಬಾಜೂ ಮನಿ ಅಕ್ಕ ಮಾತ್ರ ಒಂದಿನ ನನ್ನ ಹಿಡಕೊಂಡು ಕೇಳಿದ್ಲು:

"ಏನ್ ಟೀವಿ ತಂದೀಯೋ ತಮ್ಮಾ. ಇದರಾಗ ಯಾರೂ ಸಾಯಂಗಿಲ್ಲ, ಸುಮ್ಮನ ಕಾಣೆ ಆಕ್ಕಾರ."

ಮದುವಿ

ಒಂದು ಆದಿತ್ಯಾರ ತಾಟಿನ ಸಪ್ಪಳ ಆತು, ತಿರುವಿದೆ. ಕೆಳಗ ಮಂದಿ ಹೋ ಅಂತ ಒದರಾಕ ಹತ್ತಿದ್ರು. ಏನಂತ ಬಗ್ಗಿ ನೋಡಿದ್ರ, ಆವತ್ತು ಸಿನಿಮಾಕ್ಕ ಬರದ ಬಾಜೂ ಮನಿ ಅಕ್ಕ ತನ್ನ ಮಾಳಿಗಿ ಮ್ಯಾಲೆ ನಿಂತು ತಾಟು ಬಡೀತಿದ್ಲು. ಆಕಿ ಸಂಡಿಗಿಗೆ ಮಂಗ್ಯಾ ಬಂದಿದ್ವು. ನಮ್ಮೂರಾಗ ಮಂಗ್ಯಾ ಓಡಿಸಾದೂ ತಾಟಿಲೇನ.

ಟೀವ್ಯಾಗ ಆಗ ತಾಳಿ ಕಟ್ಟೋ ಹೊತ್ತಂತ. ನನಗೇನು ಗೊತ್ತು? ರೂಢಿ ಪ್ರಕಾರ ಮುನ್ನೂರು ಎಣಿಸೇ ವಾಪಸ್ ತಿರುವಿದೆ. ಅಷ್ಟೊತ್ತಿಗೆ ಹೀರೋಯಿನ್ ಮಗ ಪಾಟಿಚೀಲ ಹಾಕ್ಕೊಂಡು ಸಾಲಿಗೆ ಹೊಂಟಿದ್ದ. ನಾ ಇಳಿದು ಬಂದ ಮ್ಯಾಲೆ ಮನಿಯಾಕಿ ಮಾರಿ ನೋಡದ ಅಂದ್ಲು:

"ತಾಳಿ ಕಟ್ಟಿದ್ದು ಯಾರೂ ನೋಡಲಿಲ್ಲ. ಕೂಸನ್ನ ಮಾತ್ರ ಎಲ್ಲಾರೂ ನೋಡಿದ್ರು. ಆ ಹುಡುಗಿ ಮರ್ಯಾದಿ ಕಳದ್ರಲ್ರಿ."

ಹಾಡು

ಮುಂದ ಮುಂದ ಆಕಿಗೆ ಅಡಿಗಿಮನಿ ತನಕ ನಡಿಯಾದೂ ಆಗದಂಗಾತು. ಮಂಚ ತಂದು ಟೀವಿ ಎದುರಿಗೆ ಹಾಕಿದೆ. ಒಂದು ಆದಿತ್ಯಾರ ನಾ ಮಾಳಿಗಿಗೆ ಹೊಂಟ್ರ ಕೈ ಹಿಡಿದ್ಲು. ಇವತ್ತು ತಿರುವಬ್ಯಾಡ್ರಿ, ಹೆಂಗ ಸಾಯ್ತಾರ ನೋಡೇಬಿಡಾನು ಅಂದ್ಲು. ನಾ ಆಕಿ ಬಾಜೂಕ ಕುಂತೆ. ಸಿನಿಮಾಕ್ಕ ಹಂಗ ಕುಂತಿದ್ದು ಅದೇ ಮೊದಲು.

ಹೀರೋಯಿನ್ ಗಂಡನ ತೊಡಿ ಮ್ಯಾಲೆ ತಲಿ ಇಟ್ಲು. ಮಕ್ಕಳನ್ನ ಒಪ್ಪಿಸಿದ್ಲು. ಅತ್ತಿನ ಮಾಫ್ ಮಾಡಿದ್ಲು. ಆಮೇಲೆ ಒಂದು ಪೂರಾ ಹಾಡು ಹಾಡಿದ್ಲು. ನಾ ಟೀವಿ ಬಿಟ್ಟು ಮನಿಯಾಕಿ ಮಾರಿನೇ ನೋಡ್ತಿದ್ದೆ. ಕಣ್ಣಾಗ ಹನಿ ನೀರಿಲ್ಲ.

"ಬರೇ ಸುಳ್ಳು," ಅಂದ್ಲು. "ನನಗ ನೀರು ಕೇಳಾಕ ಉಸಿರಿಲ್ಲ, ಇಕಿ ಹಾಡು ಹಾಡ್ತಾಳ."

ಇಬ್ರೂ ನಕ್ವಿ. ನಕ್ಕಿದ್ದಕ್ಕೂ ಆಕಿಗೆ ತೇಕು ಬಂತು. ಅದು ಇಳಿದ ಮ್ಯಾಲೆ ಸಣ್ಣಕ ಅಂದ್ಲು:

"ನನ್ನ ಕೈಲೆ ಅಷ್ಟೆಲ್ಲಾ ಮಾತಾಡಾಕ ಆಗಂಗಿಲ್ರಿ. ನೀವ ತಿಳಕೋರಿ."

ಸಾಸಿವಿ

ಆಕಿ ಹೋಗಿದ್ದು ಒಂದು ಬುಧವಾರ ಮುಂಜಾನೆ. ಡೈಲಾಗ್ ಇರಲಿಲ್ಲ. ಹಾಲಿನವ ಬಂದಾನೇನು ನೋಡ್ರಿ ಅಂದ್ಲು, ನಾ ನೋಡಿ ಬರಾದ್ರಾಗ ಮುಗಿದಿತ್ತು. ಹಾಲಿನವ ಬಂದಿರಲಿಲ್ಲ.

ಬೀಗರು ನೆಂಟರು ಎಲ್ಲಾ ಕಂಪ್ಲಿ ಬಸ್ ಹತ್ತಿ ಹೋದ ಮರುದಿನ ನಾ ಒಬ್ಬನ ಪಡಸಾಲ್ಯಾಗ ಕುಂತಿದ್ದೆ. ಟೀವಿ ಬಂದ್ ಇತ್ತು. ತಾಟಿನ ಸಪ್ಪಳ ಆತು. ದಡದಡ ಮಾಳಿಗಿ ಹತ್ತಿ ಆಂಟೆನಾ ತಿರುವಿದೆ. ಎಣಿಸಾಕ ಹತ್ತಿದೆ. ಎಂಬತ್ತಕ್ಕೋ ತೊಂಬತ್ತಕ್ಕೋ ತಲಿ ಎತ್ತಿದ್ರ ಬಾಜೂ ಮಾಳಿಗಿ ಮ್ಯಾಲೆ ಅಕ್ಕ, ಆಕಿ ಕೈಯಾಗ ತಾಟು, ಗ್ವಾಡಿ ಮ್ಯಾಲೆ ಮಂಗ್ಯಾ. ಮೂರೂ ಮಂದಿ ಒಬ್ಬರನ್ನೊಬ್ರು ನೋಡಿದ್ವಿ. ಅಕ್ಕ ತಾಟು ಸೆರಗಿನಾಗ ಮುಚ್ಚಿಕೊಂಡ್ಲು. ನಾ ಆಂಟೆನಾ ಹಂಗ ಬಿಟ್ಟು ಇಳಿದೆ.

ಆದಿತ್ಯಾರ ನಾ ಕರೀದಿದ್ರೂ ಓಣಿ ಹೆಣ್ಮಕ್ಕಳು ಬಂದ್ರು. ಅಕ್ಕನೇ ಟೀವಿ ಹಚ್ಚಿದ್ಲು. ಬರೇ ಸಾಸಿವಿ. ಮ್ಯಾಲೆ ಹೋಗಿ ತಿರುವು ಅಂತ ಒಬ್ಬರೂ ಅನ್ನಲಿಲ್ಲ. ಮಂಚ ಇದ್ದ ಜಾಗ ಬಿಟ್ಟು ಸುತ್ತ ಕುಂತ್ರು. ಸಿನಿಮಾ ಮುಗಿಯೋ ಹೊತ್ತಿನ ತನಕ ಆ ಸಾಸಿವಿ ನೋಡಿದ್ರು. ಆಮೇಲೆ ಅಕ್ಕ ಎದ್ದು ಕಣ್ಣು ಒರಸಿಕೊಂಡು, ಚಾಪಿ ಝಾಡಿಸಿ ಸುತ್ತಿ ಮೂಲಿಗೆ ಇಟ್ಟು, ಬಾಗಲದಾಗ ನಿಂತು ಅಂದ್ಲು:

"ಭಾಳ ಚಲೋ ಇತ್ತಪಾ ತಮ್ಮಾ. ಯಾರೂ ಸಾಯಲಿಲ್ಲ."