ಟಾರ್ನೀಟಿನ ಪರ್ವತಾರೋಹಿ

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಅಕ್ಕ ಹೇಳುತ್ತಾಳೆ, ನಾನು ಸಿಡ್ನಿಯಿಂದ ಫೋನಿನಲ್ಲಿ ‘ಹೂಂ’ ಅನ್ನುತ್ತೇನೆ, ಅಷ್ಟೇ!

ಅವರಿರುವುದು ಮೆಲ್ಬರ್ನಿನ ಟಾರ್ನೀಟ್‌ನಲ್ಲಿ. ಆ ಸಬರ್ಬಿನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಯಾವುದು ಗೊತ್ತೇ? ರಸ್ತೆಯ ಹಂಪ್ಸ್! ಅಂಥ ಊರಿನಲ್ಲಿ ಕೂತು ಭಾವ, ಐವತ್ತು ತುಂಬುವುದರೊಳಗೆ ನೇಪಾಳದ ಹಿಮಪರ್ವತವೊಂದರ ನೆತ್ತಿ ಮೇಲೆ ನಿಲ್ಲಬೇಕು ಎಂದು ಹಟ ಹಿಡಿದರು. ಧಾರವಾಡದ ಶಾಲೆಯಲ್ಲಿ ಡ್ರಾಯಿಂಗ್ ಎಂದರೆ ಎರಡು ತ್ರಿಕೋನ, ನಡುವೆ ಒಬ್ಬ ಸೂರ್ಯ. ಆ ತ್ರಿಕೋನದ ತುದಿ ಹೇಗಿರುತ್ತದೆ ಎಂದು ನೋಡುವ ಆಸೆ ಆಗಿನಿಂದಲೂ ಇತ್ತಂತೆ.

ಹತ್ತುವ ಅಭ್ಯಾಸಕ್ಕೆ ಗುಡ್ಡವೆಲ್ಲಿದೆ? ಹತ್ತು ಕಿಲೋ ಸೋನಾ ಮಸೂರಿ ಬೆನ್ನಿಗೇರಿಸಿ, ಪಕ್ಕದ ಸಬರ್ಬಿನ ಶಾಪಿಂಗ್ ಸೆಂಟರಿಗೆ ನಡೆದು ಹೋಗಿ ಅಲ್ಲಿನ ಐದು ಅಂತಸ್ತಿನ ಕಾರ್ ಪಾರ್ಕ್ ಹತ್ತಿಳಿಯತೊಡಗಿದರು. ಸೆಕ್ಯುರಿಟಿಯವನು ‘ಕಾರು ಸಿಗ್ತಿಲ್ವಾ?’ ಎಂದು ಇಂಗ್ಲಿಷಿನಲ್ಲಿ ಕೇಳಿದ. ಭಾವ ಸಂಕೋಚಕ್ಕೆ ಹೌದೆಂದರು. ಪಾಪ, ಆ ಪುಣ್ಯಾತ್ಮನೂ ಜೊತೆಗೆ ಐದೂ ಅಂತಸ್ತು ಹತ್ತಿ ಹುಡುಕಿದ! ಕಾರು ಮನೆಯಲ್ಲೇ ಇತ್ತು.

ಆಮೇಲೆ ಉಸಿರು ಬಿಗಿಹಿಡಿಯುವ ಅಭ್ಯಾಸ. ಅಕ್ಕ ಏನು ಕೇಳಿದರೂ ಮೂಗು ತೋರಿಸಿ ಸುಮ್ಮನಿರುವುದು.

“ಆಕ್ಸಿಜನ್ ಕಮ್ಮಿ ಇರೋ ಕಡೆ ಮಾತಾಡ್ಬಾರ್ದಂತೆ ಕಣೋ.”

“ಮೊದ್ಲು ಯಾವಾಗ ಮಾತಾಡ್ತಿದ್ರು, ಅಕ್ಕಾ?”

“ಜೋಕ್ ಮಾಡ್ಬೇಡ. ಇವ್ರು ವಾಪಸ್ ಬರ್ತಾರೋ ಇಲ್ವೋ ಅಂತ ನಂಗೆ ಭಯ ಆಗ್ತಿದೆ.”

ಭಾವ ಹೋದರು. ಬೆಟ್ಟದಲ್ಲಿ ಶೆರ್ಪಾ ಗೈಡ್ “ಜಾಮ್ ಜಾಮ್!” ಎಂದಾಗಲೆಲ್ಲ ಇವರು ಗಕ್ಕನೆ ನಿಂತುಬಿಡುತ್ತಿದ್ದರಂತೆ. ಹನ್ನೆರಡು ವರ್ಷ ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಸವೆದ ಜೀವ, ಮುಂದೆ ಟ್ರಾಫಿಕ್ ಜಾಮ್ ಎಂದುಕೊಂಡಿತು! ಅವನು ಕೂಗಿದಷ್ಟೂ ಇವರು ಅಲ್ಲಾಡಲಿಲ್ಲ. ನೇಪಾಳಿಯಲ್ಲಿ ‘ಜಾಮ್’ ಎಂದರೆ ‘ನಡಿ ಹೋಗೋಣ’ ಎಂದು ಮೂರನೆಯ ದಿನ ತಿಳಿಯಿತು.

ಭಾವ ಮರಳಿದ ದಿನ ನಾನೂ ಮೆಲ್ಬರ್ನಿಗೆ ಹಾರಿದೆ. “ತುದಿ ಹೆಂಗಿತ್ತು ಭಾವ?” ಎಂದೆ.

“ಮುಟ್ಟಲಿಲ್ಲಪಾ. ನೂರು ಹೆಜ್ಜಿ ಇತ್ತು, ತಿರುಗಿ ಬಂದೆ.”

“ಅಲ್ಲೂ ಜಾಮ್ ಆಯ್ತಾ?”

ಅವರು ನಗಲಿಲ್ಲ. “ಕೈಬೆರಳು ಮರಗಟ್ಟಿದ್ವು ತಮ್ಮಾ. ಮುಂದ ಹೋದ್ರ ಬೆರಳು ಉಳಿಯೂದು ಗ್ಯಾರಂಟಿ ಇಲ್ಲ, ನೀವ ನೋಡ್ರಿ ಅಂದ ಗೈಡು. ಮನಿ ಬಿಡೂವಾಗ ನಿಮ್ಮಕ್ಕ ಹೋಗಬ್ಯಾಡ್ರಿ ಅನ್ನಲಿಲ್ಲ. ‘ಹೋಗ್ಬನ್ನಿ’ ಅಂದ್ಲು. ಹೋಗೂದು ಆಗಿತ್ತು. ಬರೂದು ಉಳದಿತ್ತು.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಬಂದು ಪಕ್ಕದಲ್ಲಿ ಕೂತಳು. ಅವರ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳನ್ನು ಒತ್ತಿ ಒತ್ತಿ ಎಣಿಸಿದಳು. ಹತ್ತೂ ಇದ್ದವು. ಆಮೇಲೇ ಅವಳು ಅತ್ತದ್ದು.