ಬೆಲ್ಲ ಹಿಡಿದು ಆರಿಸಿದ ಸೀರೆ

ಮಗಳ ಮೈಬಣ್ಣಕ್ಕೆ ಒಪ್ಪುವ ಸೀರೆಯನ್ನು ತಾನೇ ಆರಿಸಿ ತರುತ್ತೇನೆಂದು ಕಳ್ಳಕವಟಗಿಯ ಗುರುಪಾದಯ್ಯ ಕಟ್ಟೆಯ ಮೇಲೆ ಕುಳಿತು ಸಾರಿದ. ಎತ್ತಿನ ಬೆನ್ನಿಗೆ ಹೊದಿಸುವ ಝೂಲ ಆರಿಸುವುದರಲ್ಲಿ ಹತ್ತು ಹಳ್ಳಿಯಲ್ಲಿ ಅವನ ಮಾತಿಗೆ ಎದುರಿರಲಿಲ್ಲ. ಬಿಳಿಯದಕ್ಕೆ ಕೆಂಪು, ಕಂದು ಮೈಯದಕ್ಕೆ ಹಸಿರು. ಹೆಣ್ಣುಮಗಳ ಲೆಕ್ಕ ಇದಕ್ಕಿಂತ ಕಠಿಣವೇ?

ಮಗಳು ರುದ್ರವ್ವನನ್ನು ನೋಡಲು ಶುಕ್ರವಾರ ಬಬಲೇಶ್ವರದವರು ಬರುವವರಿದ್ದರು. ಹುಡುಗ ಈರಯ್ಯ ಸಾಲಿ ಮಾಸ್ತರ. ಈ ಸಂಬಂಧ ತಪ್ಪಿದರೆ ಇಂಥದು ಮತ್ತೆ ಸಿಗುವುದಿಲ್ಲ ಎಂಬುದು ಗಂಡ ಹೆಂಡತಿ ಜಗಳವಿಲ್ಲದೆ ಒಪ್ಪಿದ್ದ ಒಂದೇ ಮಾತು.

ಮದುವೆಗೆ ಬಂದ ಹುಡುಗಿಯನ್ನು ಪೇಟೆಗೆ ಕರೆದೊಯ್ಯುವ ಪದ್ಧತಿಯಿಲ್ಲ. ಅವಳಿಲ್ಲದೆ ಬಣ್ಣ ಹೊಂದಿಸುವುದು ಹೇಗೆ? ಗುರುಪಾದಯ್ಯ ಅಡುಗೆಮನೆಯ ಬೆಲ್ಲದ ಪೆಂಟೆಯಿಂದ ಒಂದು ಚೂರು ಒಡೆದು, ಮಗಳ ಕೆನ್ನೆಗೆ ಹಿಡಿದು ನೋಡಿದ. ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಹೆಂಡತಿ ಗೌರಾಬಾಯಿ ತಣ್ಣಗೆ ಕೇಳಿದಳು: "ಸೀರಿ ತರಾಕ ಹೊಂಟೀರೋ, ಸಿಹಿ ಮಾದಲಿ ಮಾಡಾಕ ಹೊಂಟೀರೋ?"

"ನಿನಗ ಬಣ್ಣ ತಿಳ್ಯಾಂಗಿಲ್ಲ, ಸುಮ್ಮನಿರು," ಎಂದು ಅವನು ಬೆಲ್ಲವನ್ನು ಅಂಗಿಯ ಕಿಸೆಗೆ ಇಳಿಸಿದ.

ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಯಲಗೂರಪ್ಪನ ಅಂಗಡಿಯಲ್ಲಿ ಸೀರೆಗಳ ಗುಡ್ಡವೇ ಬಿತ್ತು. ಗುರುಪಾದಯ್ಯ ಒಂದೊಂದರ ಮಡಿಕೆಯಲ್ಲೂ ಬೆಲ್ಲವನ್ನಿಟ್ಟು, ಹಿಂದೆ ಸರಿದು, ಮುಂದೆ ಬಾಗಿ, ಕಣ್ಣು ಕಿರಿದು ಮಾಡಿ ನೋಡಿದ. ಗುಲಾಬಿಯಲ್ಲಿ ಬೆಲ್ಲ ಬಾಡಿತು. ಗಿಣಿಹಸಿರಿನಲ್ಲಿ ಅದಕ್ಕೆ ಜ್ವರ ಬಂದಂತಾಯಿತು. ಕುಸುಬಿ ಹೂವಿನ ಹಳದಿಯಲ್ಲಿ ಇಟ್ಟದ್ದೇ ತಡ, ಬೆಲ್ಲ ನಕ್ಕಿತು. ಆ ಬೇಸಿಗೆಯ ಸೆಕೆಗೆ ನಗುವುದರ ಜೊತೆಗೆ ಕರಗಿಯೂ ಬಿಟ್ಟಿತು. ಒಳಮಡಿಕೆಗೆಲ್ಲ ಅಂಟಿದ್ದು ಯಲಗೂರಪ್ಪನ ಕಣ್ಣಿಗೆ ಬಿತ್ತು. ಬಿದ್ದದ್ದೇ ಅವನು ಸೀರೆಯನ್ನು ಲಗುಬಗೆಯಿಂದ ಕಾಗದದಲ್ಲಿ ಸುತ್ತಿ ಗಿರಾಕಿಯ ಕೈಗಿಟ್ಟ.

ಹೊಸ ಸೀರೆಯ ಘಳಿಗೆಯನ್ನು, ಅಂದರೆ ಅಂಗಡಿಯ ಮಡಿಕೆಯನ್ನು, ಒಳ್ಳೆಯ ದಿನವೇ ಮುರಿಯಬೇಕೆಂಬುದು ಆ ಮನೆಯ ರೂಢಿ. ಹೀಗಾಗಿ ಎರಡು ದಿನ ಟ್ರಂಕಿನೊಳಗೆ ಇಟ್ಟ ಸೀರೆಯನ್ನು ಯಾರೂ ಬಿಚ್ಚಲಿಲ್ಲ. ಸುದ್ದಿ ಮಾತ್ರ ಇರುವೆಗಳಿಗೆ ಮುಟ್ಟಿತ್ತು.

ಶುಕ್ರವಾರ ಬೀಗರು ಹೇಳಿದ್ದಕ್ಕಿಂತ ಮೊದಲೇ ಬಂದರು. ರುದ್ರವ್ವ ಅವಸರದಲ್ಲಿ ಸೀರೆ ಸುತ್ತಿಕೊಂಡು ಬಂದು ಚಾಪೆಯ ಮೇಲೆ ಕುಳಿತಳು. ಬಣ್ಣ ಒಪ್ಪಿತ್ತು, ಸುಳ್ಳು ಹೇಳಬಾರದು. ಗುರುಪಾದಯ್ಯ ಹೆಂಡತಿಯ ಕಡೆ ನೋಡಿ ಹುಬ್ಬು ಕುಣಿಸಿದ. ಅಷ್ಟರಲ್ಲಿ ಹುಡುಗಿಯ ಹೆಗಲು ಕುಣಿಯಿತು. ಆಮೇಲೆ ಮೊಣಕಾಲು. ಹೆಸರು ಕೇಳಿದರೆ ಅರ್ಧ ಹೇಳಿ, ಹಲ್ಲು ಕಚ್ಚಿ, ಸೊಂಟ ತಿರುವಿದಳು.

ಈರಯ್ಯನ ತಾಯಿ ಅವಲಕ್ಕಿಯ ತಟ್ಟೆಯನ್ನು ಕೆಳಗಿಟ್ಟು, ಎರಡೂ ಕೈ ಜೋಡಿಸಿ ಕೇಳಿದಳು: "ಹುಡುಗಿ ಮೈಮ್ಯಾಲೆ ದೇವರು ಬರತೈತೇನ್ರಿ?"

ಗುರುಪಾದಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೌದೆಂದರೆ ಸಂಬಂಧ ಹೋಯಿತು. ಅಲ್ಲವೆಂದರೆ ಈ ಕುಣಿತಕ್ಕೆ ಕಾರಣ ಹೇಳಬೇಕು, ಅದು ಅವನಿಗೂ ಗೊತ್ತಿಲ್ಲ. ರುದ್ರವ್ವ ಎದ್ದು ಒಳಗೆ ಓಡಿದಳು. ಹೊರಗೆ ಬಂದಾಗ ಅವಳ ಮೈಮೇಲಿದ್ದದ್ದು ಸಂಕ್ರಮಣಕ್ಕೆ ಉಡುವ ಕಪ್ಪು ಚಂದ್ರಕಾಳಿ. ಹೆಣ್ಣು ನೋಡುವ ದಿನ ಕಪ್ಪು ಸೀರೆ! ಗೌರಾಬಾಯಿ ಬಾಯಿಗೆ ಸೆರಗು ಹಿಡಿದಳು.

"ದೇವರಿಲ್ಲ ದಿಂಡರಿಲ್ಲರಿ, ಯವ್ವಾ," ಎಂದಳು ರುದ್ರವ್ವ. "ಸೀರಿ ತುಂಬ ಇರಿವಿ ಅದಾವ. ನನ್ನ ಬಣ್ಣಕ್ಕ ಹೊಂದತೈತೇನಂತ ಅಪ್ಪ ಬೆಲ್ಲಾ ಇಟ್ಟು ನೋಡಿ ತಂದಾನ."

ಮೊದಲು ನಕ್ಕವನು ಮಾಸ್ತರ. ಆ ಕಪ್ಪಿನಲ್ಲಿ ಹುಡುಗಿಯ ಮುಖ ದೀಪ ಹಚ್ಚಿಟ್ಟಂತಿತ್ತು. ಇಷ್ಟು ಹೊತ್ತು ನೆಲ ನೋಡುತ್ತಿದ್ದವನು ಈಗ ನೆಲವನ್ನೇ ಮರೆತಿದ್ದ. ಮಗನನ್ನು ಒಮ್ಮೆ, ಹುಡುಗಿಯನ್ನು ಒಮ್ಮೆ ನೋಡಿದ ತಾಯಿ ಗುರುಪಾದಯ್ಯನ ಕಡೆ ತಿರುಗಿದಳು.

"ಹುಡುಗಿ ಪಸಂದ ಅದಾಳ್ರಿ. ನಮ್ಮದು ಕೇಳೂದು ಒಂದ ಐತಿ. ಮದುವಿ ಜವಳಿ ತಗೊಳ್ಳಾಕ ನಿಮ್ಮ ಮನಿಮಂದಿ ಎಲ್ಲಾರೂ ಬರ್ರಿ. ನೀವೊಬ್ಬರು ಬರಬ್ಯಾಡ್ರಿ."